ವಿಟಿಯಿಂದ ಗೇಟ್‌ವೇವರೆಗೆ: ಊರಿನವರಿಗೆ ಫೋರ್ಟ್ ತೋರಿಸುವುದು ಹೇಗೆ

ಊರಿನಿಂದ ಮುಂಬಯಿಗೆ ಯಾರೇ ಬರಲಿ, ಚೀಲ ಇಳಿಸುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಗೇಟ್‌ವೇ ಆಫ್ ಇಂಡಿಯಾಗೆ ಯಾವಾಗ ಹೋಗುವುದು?" ನನ್ನ ಉತ್ತರವೂ ಒಂದೇ: ಕೊನೆಗೆ.

ಇದನ್ನು ನಾನು ಕಲಿತದ್ದು ಸೋದರಮಾವನ ಮಂಡಿನೋವಿನಿಂದ. ಒಂದು ಮೇ ತಿಂಗಳು, ಮಟಮಟ ಮಧ್ಯಾಹ್ನ, ಅವರನ್ನು ಸೀದಾ ಗೇಟ್‌ವೇಗೆ ಕರೆದುಕೊಂಡು ಹೋದೆ. ಕೆಳಗೆ ಕಾದ ಕಲ್ಲು, ಸುತ್ತ ಜನವೋ ಜನ, "ಫೋಟೊ ಸಾಬ್, ಫೋಟೊ" ಅಂತ ಬೆನ್ನು ಹತ್ತುವವರು. ಅರ್ಧ ಗಂಟೆಗೆ ಮಾವ ಕಟ್ಟೆಯ ಮೇಲೆ ಕೂತುಬಿಟ್ಟರು. ಮಿಕ್ಕ ಫೋರ್ಟನ್ನೆಲ್ಲ, ಅಂದರೆ ಹಳೇ ಮುಂಬಯಿಯ ಈ ಪೇಟೆಯನ್ನೆಲ್ಲ, ಅವರು ನೋಡಿದ್ದು ಟ್ಯಾಕ್ಸಿಯ ಕಿಟಕಿಯಿಂದ. ಊರಿಗೆ ಹೋಗಿ ಹೇಳಿದರಂತೆ, "ಬೊಂಬಾಯಲ್ಲಿ ಒಂದು ದೊಡ್ಡ ಬಾಗಿಲು ಉಂಟು ಮಾರಾಯ, ಮತ್ತೆ ಬರೀ ಟ್ರಾಫಿಕ್ಕು."

ನನಗೆ ಬೇಜಾರಾಯಿತು. ಯಾಕೆಂದರೆ ಫೋರ್ಟ್ ನನ್ನ ಎರಡನೇ ಊರು. ಹದಿನೈದನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು ಇಲ್ಲಿನ ಒಂದು ಕ್ಯಾಂಟೀನ್ ಸೇರಿದೆ. ಹಗಲು ಆಫೀಸುಗಳಿಗೆ ಚಾ ಕೊಡುವುದು, ರಾತ್ರಿ ಕನ್ನಡ ರಾತ್ರಿಶಾಲೆ. ಒಂದು ಕೈಯಲ್ಲಿ ಕೆಟಲ್ಲು, ಇನ್ನೊಂದರಲ್ಲಿ ಆರು ಗ್ಲಾಸಿನ ತಂತಿ ಸ್ಟ್ಯಾಂಡು. ಚಾ ಚೆಲ್ಲಬಾರದಲ್ಲ, ಹಾಗಾಗಿ ಕಣ್ಣು ಯಾವಾಗಲೂ ಕಾಲಿನ ಮೇಲೆ. ಈ ಕಟ್ಟಡಗಳ ಹಿಂಬದಿ ಮೆಟ್ಟಿಲುಗಳು ನನಗೆ ಬಾಯಿಪಾಠ, ಆದರೆ ಎರಡು ವರ್ಷ ಯಾವುದರ ಮುಖವನ್ನೂ ನೋಡಿರಲಿಲ್ಲ. ರಾತ್ರಿಶಾಲೆಯ ಮಾಸ್ತರರು ಒಂದು ಭಾನುವಾರ ನಮ್ಮನ್ನೆಲ್ಲ ಕಟ್ಟಿಕೊಂಡು ಹೊರಟು, ಡಿ.ಎನ್. ರಸ್ತೆಯ ನಡುವೆ ನಿಲ್ಲಿಸಿ, "ಇವತ್ತು ಕೈಯಲ್ಲಿ ಗ್ಲಾಸಿಲ್ಲ, ತಲೆ ಎತ್ತಿ ನೋಡಿ" ಅಂದರು. ಇಲ್ಲಿ ಹೇಳುವ ದಾರಿ ಹೆಚ್ಚು ಕಡಿಮೆ ಅವರದ್ದೇ.

ಮೊದಲು ದಿನ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಒಂದು ಭಾನುವಾರ. ಭಾನುವಾರ ಆಫೀಸುಗಳಿಗೆ ರಜೆ, ರಸ್ತೆ ಖಾಲಿ, ಫುಟ್‌ಪಾತಿನಲ್ಲಿ ನಿಂತು ಮೇಲೆ ನೋಡಿದರೆ ಯಾರೂ ಡಿಕ್ಕಿ ಹೊಡೆಯುವುದಿಲ್ಲ. ಒಂದೇ ತೊಂದರೆ ಮೆಗಾಬ್ಲಾಕ್. ಹಳಿ ರಿಪೇರಿಗೆಂದು ಭಾನುವಾರ ಸುಮಾರು 11ರಿಂದ ಲೋಕಲ್‌ಗಳು ತಡ, ಕೆಲವು ರದ್ದು. ಯಾವ ಲೈನಿನಲ್ಲಿ ಅಂತ ಶನಿವಾರವೇ ಹೇಳಿಬಿಡುತ್ತಾರೆ, ನೋಡಿಕೊಳ್ಳಿ. ನಾನು ಡೊಂಬಿವಲಿಯಿಂದ ಆರೂವರೆಯ ಆಸುಪಾಸಿನ ಗಾಡಿ ಹತ್ತಿಸುತ್ತೇನೆ, ಎಂಟಕ್ಕೆಲ್ಲ ವಿಟಿ, ಅಂದರೆ ವಿಕ್ಟೋರಿಯಾ ಟರ್ಮಿನಸ್ ಸ್ಟೇಷನ್, ಈಗಿನ ಸಿಎಸ್‌ಎಂಟಿ. ಊರಿನವರಿಗೆ ಮೊದಲೇ ಹೇಳಿಡಬೇಕಾದ ಇನ್ನೊಂದು ಮಾತು: ಫೋರ್ಟಿನಲ್ಲಿ ಆಟೊರಿಕ್ಷಾ ಇಲ್ಲ. ನಡಿಗೆ, ಬಸ್ಸು, ಇಲ್ಲವೇ ಕಪ್ಪು-ಹಳದಿ ಟ್ಯಾಕ್ಸಿ. ಈಗ ನೆಲದಡಿಯ ಮೆಟ್ರೊ 3 ಕೂಡ ಬಂದಿದೆ, ವಿಟಿಯಲ್ಲೂ ಫ್ಲೋರಾ ಫೌಂಟನ್ ಇರುವ ಹುತಾತ್ಮ ಚೌಕದಲ್ಲೂ ಸ್ಟೇಷನ್ ಇದೆ. ಕಾಲು ನೋವಿದ್ದವರಿಗೆ ಒಂದು ತುಂಡು ದಾರಿ ಉಳಿಯುತ್ತದೆ.

ಚಪ್ಪಲಿ ಹಳೆಯದೇ ಇರಲಿ, ಹೊಸದು ಬೇಡ. ನೀರು, ಕೊಡೆ. ಚಿಕ್ಕಮ್ಮ ಬಂದಾಗ ಒಂದು ಡಬ್ಬಿ ಒಗ್ಗರಣೆ ಅವಲಕ್ಕಿಯೂ ಬಂತು. ಅದರಿಂದ ಒಳ್ಳೆಯದೇ ಆಯಿತು.

ವಿಟಿಯಲ್ಲಿ ಇಳಿದವರು ಕಟ್ಟಡವನ್ನು ಅಲ್ಲೇ ನಿಂತು ನೋಡಲು ಹೋಗಬೇಡಿ. ಮೂಗಿನ ತುದಿಗೆ ಗೋಡೆ ಇದ್ದರೆ ಏನು ಕಾಣುತ್ತದೆ? ಸಬ್‌ವೇ ಇಳಿದು ರಸ್ತೆಯ ಆಚೆ ಬಿಎಂಸಿ (ಮಹಾನಗರಪಾಲಿಕೆ) ಕಟ್ಟಡದ ಮೂಲೆಗೆ ಹೋಗಿ. ಸಬ್‌ವೇಗೆ ನಾಲ್ಕಾರು ಬಾಯಿ. ಒಮ್ಮೆ ನಮ್ಮ ಭಾವ ಒಂದರಲ್ಲಿ ಹತ್ತಿದರು, ನಾನು ಇನ್ನೊಂದರಲ್ಲಿ. ಹುಡುಕಲು ಇಪ್ಪತ್ತು ನಿಮಿಷ ಹೋಯಿತು. ಕೈ ಹಿಡಿದುಕೊಳ್ಳಿ, ನಾಚಿಕೆ ಬೇಡ.

ಈಗ ತಿರುಗಿ ನೋಡಿ. ಎಫ್. ಡಬ್ಲ್ಯು. ಸ್ಟೀವನ್ಸ್ ಅನ್ನುವ ಎಂಜಿನಿಯರ್ 1878ರಲ್ಲಿ ಶುರು ಮಾಡಿ ಹತ್ತು ವರ್ಷ ಕಟ್ಟಿಸಿದ ಸ್ಟೇಷನ್ ಇದು. 1887ರಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ತುಂಬಿತೆಂದು ಅವಳ ಹೆಸರಿಟ್ಟರು. 1996ರಲ್ಲಿ ಶಿವಾಜಿ ಮಹಾರಾಜರ ಹೆಸರು ಬಂತು. ನಮ್ಮಂಥ ಹಳಬರ ಬಾಯಲ್ಲಿ ಮಾತ್ರ ಇನ್ನೂ ವಿಟಿಯೇ. ಬೆಳಗ್ಗೆ ಈ ಮುಖಕ್ಕೆ ಬಿಸಿಲು ಬೀಳುವುದಿಲ್ಲ, ಕಣ್ಣು ಕುಕ್ಕುವುದಿಲ್ಲ. ನಿಧಾನ ನೋಡಬಹುದು.

ನಾನು ಮೇಲಿನಿಂದ ಕೆಳಗೆ ತೋರಿಸುತ್ತೇನೆ. ಗುಮ್ಮಟದ ತುದಿಯಲ್ಲಿ ಒಬ್ಬಳು ಹೆಂಗಸು, ಎತ್ತಿದ ಕೈಯಲ್ಲಿ ಪಂಜು, ಪಕ್ಕದಲ್ಲಿ ಚಕ್ರ. ಅವಳ ಹೆಸರು ಪ್ರಗತಿ. ಕೆಳಗೆ ಗಡಿಯಾರ. ಗಡಿಯಾರದ ಕೆಳಗೆ ಒಂದು ಖಾಲಿ ಗೂಡು. ಅಲ್ಲಿ ರಾಣಿಯ ಮೂರ್ತಿ ಇತ್ತು, ಸ್ವಾತಂತ್ರ್ಯ ಬಂದ ಮೇಲೆ ತೆಗೆದರು. ಇನ್ನೂ ಕೆಳಗೆ ಗೇಟಿನ ಎರಡು ಕಂಬಗಳ ಮೇಲೆ ಒಂದು ಸಿಂಹ, ಒಂದು ಹುಲಿ. ಸಿಂಹ ಬ್ರಿಟನ್ನಿನದು, ಹುಲಿ ನಮ್ಮದು. ಇಬ್ಬರನ್ನೂ ಒಂದೇ ಎತ್ತರದಲ್ಲಿ ಕೂರಿಸಿದ್ದಾರೆ, ಅಷ್ಟಾದರೂ ಮರ್ಯಾದೆ ಕೊಟ್ಟರಲ್ಲ! ಆಮೇಲೆ ಗೋಡೆಗೆ ಹತ್ತಿರ ಹೋಗಿ ಕಂಬಗಳ ತಲೆ ನೋಡಿ: ಕಲ್ಲಿನ ಎಲೆಗಳ ನಡುವೆ ಕೋತಿ, ನವಿಲು, ಅಳಿಲು. ಇವೆಲ್ಲ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈಕೆಲಸ. ಚಿಕ್ಕಮ್ಮ ಸ್ಟೀವನ್ಸನನ್ನು ಐದೇ ನಿಮಿಷಕ್ಕೆ ಮರೆತರು, ಅಳಿಲನ್ನು ಇವತ್ತಿಗೂ ಮರೆತಿಲ್ಲ.

ಬೆನ್ನ ಹಿಂದಿನ ಬಿಎಂಸಿ ಕಟ್ಟಡವೂ ಸ್ಟೀವನ್ಸನದೇ, 1893ರದ್ದು. ಒಂದು ನೋಟ ಸಾಕು, ಮುಂದೆ ನಡೆಯಿರಿ.

ಡಿ.ಎನ್. ರಸ್ತೆಯಲ್ಲಿ ಕಮಾನುಗಳ ಕೆಳಗಿನ ಫುಟ್‌ಪಾತ್ ಹಿಡಿಯಿರಿ. ಬಿಸಿಲಿಗೂ ಮಳೆಗೂ ನೆರಳು. ವಾರದ ದಿನ ಇಲ್ಲಿ ಚಾರ್ಜರು, ಬೆಲ್ಟು, ಪುಸ್ತಕ ಮಾರುವವರ ಸಾಲು, ಭಾನುವಾರ ಕಡಿಮೆ. ಚಾ ಬೇಕಾದರೆ ಒಳಗಿನ ಗಲ್ಲಿಯಲ್ಲಿ ಕಟಿಂಗ್, ಅಂದರೆ ಅರ್ಧ ಗ್ಲಾಸು ಚಾ, ಕುಡಿಯಿರಿ. ನಮ್ಮವರ ಉಡುಪಿ ಹೋಟೆಲ್ ತೆರೆದಿದ್ದರೆ ಅಲ್ಲೇ ತಿಂಡಿ ಮುಗಿಸಿ. ಕೌಂಟರಿನಲ್ಲಿ ಒಮ್ಮೆ ಕನ್ನಡ ಮಾತಾಡಿ ನೋಡಿ, ಸಾಂಬಾರು ಎರಡನೇ ಸಲ ಕೇಳದೆ ಬರುತ್ತದೆ.

ರಸ್ತೆ ಮುಗಿಯುವಲ್ಲಿ ಫ್ಲೋರಾ ಫೌಂಟನ್, 1864ರದ್ದು. ಇಲ್ಲಿ ನಿಂತು ಒಂದು ವಿಷಯ ಹೇಳಬೇಕು. ಫೋರ್ಟ್ ಅಂತಾರೆ, ಕೋಟೆ ಎಲ್ಲಿ ಅಂತ ಎಲ್ಲರೂ ಕೇಳುತ್ತಾರೆ. ಕೋಟೆ ಇತ್ತು. ಅದರ ಒಂದು ಬಾಗಿಲು ಈ ಫೌಂಟನ್ ಇರುವಲ್ಲೇ ಇತ್ತು. ಸೇಂಟ್ ಥಾಮಸ್ ಚರ್ಚಿಗೆ ಹೋಗುವ ಬಾಗಿಲಾದ್ದರಿಂದ ಚರ್ಚ್‌ಗೇಟ್. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಗೋಡೆ ಒಡೆಸಿದ. ಆಗ ಅಮೆರಿಕದಲ್ಲಿ ಅಂತರ್ಯುದ್ಧ, ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು, ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಊರಲ್ಲಿ ದುಡ್ಡು ಹರಿಯಿತು, ಬಯಲೂ ಸಿಕ್ಕಿತು. ನೀವು ಇವತ್ತು ನೋಡುವ ಮೊನಚು ಗೋಪುರಗಳ ಸಾಲಿನ ಹಿಂದೆ ಆ ಹತ್ತಿ ಇದೆ. ಧಾರವಾಡದ ಹತ್ತಿಯೂ ಅದರಲ್ಲಿತ್ತು.

ಧಾರವಾಡ ಅಂದ ಕೂಡಲೇ ನಮ್ಮ ಭಾವನಿಗೆ ಕಿವಿ ನಿಮಿರಿತು. ಅವರು ಕುಮಟಾದವರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಯವರಿಗೆ 1956ರವರೆಗೆ ಮುಂಬಯಿಯೇ ರಾಜಧಾನಿ. ಕುಂದಾಪುರದ ನಮಗೆ ಮದ್ರಾಸು. "ಅಂದರೆ ನೀನು ಇಲ್ಲಿ ಪರದೇಶಿ, ನಾನು ಹಕ್ಕುದಾರ" ಅಂತ ಭಾವ ನಕ್ಕರು. ಅವರ ಅಜ್ಜನ ಅಡಿಕೆ ತೋಟದ ಕೇಸು ಹೈಕೋರ್ಟಿಗೆಂದು ಇಲ್ಲಿಗೇ ಬಂದಿತ್ತಂತೆ. ಊರಿನವರನ್ನು ಕರೆತರುವ ಮುಂಚೆ ಅವರ ಜಿಲ್ಲೆ ಹಿಂದೆ ಯಾವ ಪ್ರಾಂತ್ಯದಲ್ಲಿತ್ತು ಅಂತ ನೆನಪಿಟ್ಟುಕೊಳ್ಳಿ. ನೋಡುವ ಕಣ್ಣೇ ಬೇರೆಯಾಗುತ್ತದೆ.

ಕಾಲಿನಲ್ಲಿ ಕಸುವಿದ್ದರೆ ಎಡಕ್ಕೆ ಐದಾರು ನಿಮಿಷ ನಡೆದು ಹಾರ್ನಿಮನ್ ಸರ್ಕಲ್, ಅದರಾಚೆ 1833ರ ಏಷ್ಯಾಟಿಕ್ ಲೈಬ್ರರಿಯ ಬಿಳಿ ಕಂಬಗಳು, 30 ಮೆಟ್ಟಿಲು. ಅಮ್ಮಂದಿರನ್ನು ಹತ್ತಿಸಬೇಡಿ, ಪಾರ್ಕಿನ ಮರದ ನೆರಳಲ್ಲಿ ಕೂರಿಸಿ. ಅವಲಕ್ಕಿ ಡಬ್ಬಿ ತೆರೆಯುವ ಜಾಗ ಇದೇ.

ಮತ್ತೆ ಫೌಂಟನ್‌ಗೆ ಬಂದು ಸೀದಾ ಓವಲ್ ಮೈದಾನಕ್ಕೆ. ಭಾನುವಾರ ಅಲ್ಲಿ ಹತ್ತಾರು ಕ್ರಿಕೆಟ್ ಮ್ಯಾಚು ಒಂದರ ಮೇಲೊಂದು ನಡೆಯುತ್ತಿರುತ್ತವೆ, ಯಾರ ಚೆಂಡು ಯಾರಿಗೆ ಅಂತ ಅವರಿಗೇ ಗೊತ್ತು. ನಡುವಿನ ಕಾಲುದಾರಿಯಲ್ಲಿ ನಿಂತರೆ ಒಂದು ಕಡೆ ಹೈಕೋರ್ಟ್, ಅದರ ಪಕ್ಕ ರಾಜಾಬಾಯಿ ಗೋಪುರ, ಎರಡೂ 1878ರವು. ಇನ್ನೊಂದು ಕಡೆ 1930ರ ದಶಕದ ದುಂಡು ಬಾಲ್ಕನಿಯ ಆರ್ಟ್ ಡೆಕೊ ಮನೆಗಳು. ಎರಡೂ ಸಾಲು ಸೇರಿಸಿ ಯುನೆಸ್ಕೊ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು.

ರಾಜಾಬಾಯಿ ಅಂದರೆ ರಾಣಿಯಲ್ಲ. ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯಚಂದರ ತಾಯಿ. ದುಡ್ಡು ಕೊಟ್ಟದ್ದು ಮಗ, ಹೆಸರು ತಾಯಿಯದು. ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ, ಜೈನರಾದ್ದರಿಂದ ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕು, ಗಂಟೆ ಕೇಳಿದರೆ ಹೊತ್ತು ತಿಳಿಯುತ್ತಿತ್ತು ಅಂತ ಒಂದು ಕಥೆ ಹೇಳುತ್ತಾರೆ. ನಕ್ಷೆ ಬರೆದ ಗಿಲ್ಬರ್ಟ್ ಸ್ಕಾಟ್ ಮಾತ್ರ ಈ ಕಡೆಗೆ ಬರಲೇ ಇಲ್ಲ, ಲಂಡನ್ನಿನಲ್ಲೇ ಕೂತು ಬರೆದು ಕಳಿಸಿದ. ಗೋಪುರ ಹತ್ತಲು ಬಿಡುವುದಿಲ್ಲ, ಕೇಳಿ ಬೈಸಿಕೊಳ್ಳಬೇಡಿ.

ಇಷ್ಟರಲ್ಲಿ ಹನ್ನೊಂದೂವರೆ. ಬಿಸಿಲು ಏರುತ್ತದೆ, ಹಿರಿಯರಿಗೆ ಒಂದಕ್ಕೆ ಹೋಗಬೇಕಾಗುತ್ತದೆ. ಎರಡಕ್ಕೂ ಮದ್ದು ಮ್ಯೂಸಿಯಂ. ದಾರಿಯಲ್ಲಿ ಕಾಲಾ ಘೋಡಾದ ಕಪ್ಪು ಕುದುರೆ ಸಿಗುತ್ತದೆ, ಮೇಲೆ ಸವಾರನಿಲ್ಲ. ಮೊದಲಿನ ಕುದುರೆಯ ಮೇಲೆ ಏಳನೇ ಎಡ್ವರ್ಡ್ ದೊರೆ ಕೂತಿದ್ದ. 1965ರಲ್ಲಿ ಅದನ್ನು ಭಾಯಖಳಾಕ್ಕೆ ಸಾಗಿಸಿದರು. 2017ರಲ್ಲಿ ಬಂದ ಹೊಸ ಕುದುರೆಗೆ ಬೆನ್ನು ಹಗುರ.

ಛತ್ರಪತಿ ಶಿವಾಜಿ ವಸ್ತು ಸಂಗ್ರಹಾಲಯ, ಹಿಂದಿನ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ. ಇಲ್ಲಿ ಆತುರ ಮಾಡಬೇಡಿ, ಎರಡು ಮೂರು ಗಂಟೆ ಇಡಿ. ಒಳಗೆ ಹೋಗುವ ಮೊದಲು ತೋಟದಲ್ಲಿ ನಿಂತು ಗುಮ್ಮಟ ನೋಡಿ. ಎಲ್ಲೋ ನೋಡಿದ ಹಾಗಿದೆ, ಅಲ್ವಾ? ಜಾರ್ಜ್ ವಿಟೆಟ್ ಅದಕ್ಕೆ ಮಾದರಿ ಇಟ್ಟುಕೊಂಡದ್ದು ನಮ್ಮ ವಿಜಾಪುರದ ಗೋಳಗುಮ್ಮಟವನ್ನು. ದೊರೆಮಗನ ಹೆಸರಿನ ಕಟ್ಟಡ, ತಲೆಯ ಮೇಲೆ ಆದಿಲ್‌ಶಾಹಿ ಟೋಪಿ.

ಶಿಲ್ಪಗಳ ಕೋಣೆಯಲ್ಲಿ ಐಹೊಳೆ ಅಂತ ಬರೆದ ಕಲ್ಲುಗಳನ್ನು ಹುಡುಕಿ. ಹುಚ್ಚಪ್ಪಯ್ಯನ ಗುಡಿಯ ಒಳಮಾಳಿಗೆಯ ಹಲಗೆಗಲ್ಲುಗಳು ಅವು, ಚಾಲುಕ್ಯರ ಕಾಲದವು. ಒಂದರಲ್ಲಿ ಬ್ರಹ್ಮ ಹಂಸದ ಹತ್ತಿರ ಕೂತಿದ್ದಾನೆ. ಗುಡಿಯಲ್ಲಿ ಇದು ತಲೆಯ ಮೇಲೆ, ಕತ್ತಲಲ್ಲಿ ಇರಬೇಕಾದದ್ದು. ಇಲ್ಲಿ ಎದುರಿಗೇ, ದೀಪದ ಬೆಳಕಿನಲ್ಲಿ. ಭಾವ ಅದರ ಮುಂದೆ ಹತ್ತು ನಿಮಿಷ ನಿಂತರು. "ನಮ್ಮದನ್ನು ಇಲ್ಲಿಗೆ ಯಾಕೆ ತಂದರೋ?" ಅಂದರು. "ರಾಜಧಾನಿ ಅಂತ ನೀವೇ ಹೇಳಿದಿರಲ್ಲ ಭಾವ, ರಾಜಧಾನಿಗೆ ಬಂದಿದೆ" ಅಂದೆ. ಅವರಿಗೆ ನಗು ಬರಲಿಲ್ಲ.

ಊಟ ಮಾಡಿ, ನಾಲ್ಕರ ಹೊತ್ತಿಗೆ ಗೇಟ್‌ವೇ. ಮ್ಯೂಸಿಯಮ್ಮಿನಿಂದ ಹತ್ತು ನಿಮಿಷದ ದಾರಿ. ಚೀಲ ತಪಾಸಣೆಯ ಸಾಲು ಇರುತ್ತದೆ, ಚೀಲ ಕಡಿಮೆ ಇದ್ದಷ್ಟೂ ಬೇಗ. ಇದೂ ವಿಟೆಟನದೇ. ಐದನೇ ಜಾರ್ಜ್ ಮತ್ತು ಮೇರಿ ರಾಣಿ 1911ರ ಡಿಸೆಂಬರ್ 2ರಂದು ಇಲ್ಲಿ ಇಳಿದ ನೆನಪಿಗೆ ಅಂತ ಕಲ್ಲಿನ ಮೇಲೆ ಬರೆದಿದೆ. ದೊರೆ ಇಳಿದಾಗ ಇದು ಇರಲಿಲ್ಲ. ಅವರನ್ನು ಎದುರುಗೊಂಡದ್ದು ರಟ್ಟಿನ ಮಂಟಪ. ಕಲ್ಲಿನದು ಮುಗಿದದ್ದು 1924ರಲ್ಲಿ. ಅಷ್ಟರಲ್ಲಿ ದುಡ್ಡೂ ಮುಗಿದಿತ್ತು, ಎದುರಿಗೆ ಮಾಡಬೇಕೆಂದಿದ್ದ ನೇರ ರಸ್ತೆ ಆಗಲೇ ಇಲ್ಲ. ಅದಕ್ಕೇ ನೀವು ನಡೆದು ಬರುವಾಗ ಬಾಗಿಲು ಸ್ವಲ್ಪ ಓರೆಯಾಗಿ ಕಾಣುತ್ತದೆ. ಬರುವ ರಸ್ತೆಯಲ್ಲೇ ನಿಂತು ಗಮನಿಸಿ, ಹತ್ತಿರ ಹೋದರೆ ಗೊತ್ತಾಗುವುದಿಲ್ಲ. ದೊರೆಗೆಂದು ಕಟ್ಟಿದ ಇದೇ ಬಾಗಿಲಿನಿಂದ 1948ರ ಫೆಬ್ರವರಿ 28ರಂದು ಬ್ರಿಟಿಷರ ಕೊನೆಯ ಪಡೆ ಹಡಗು ಹತ್ತಿತು. ಇಪ್ಪತ್ತನಾಲ್ಕು ವರ್ಷದ ಬಾಳಿಕೆ. ನಮ್ಮ ಕ್ಯಾಂಟೀನಿನ ಮೇಜುಗಳು ಅದಕ್ಕಿಂತ ಜಾಸ್ತಿ ಬಂದಿವೆ!

ಫೋಟೊ ತೆಗೆಸುವುದಾದರೆ ಎಷ್ಟು ಫೋಟೊ, ಒಟ್ಟು ಎಷ್ಟು ದುಡ್ಡು ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ. ಎಲಿಫೆಂಟಾ ದೋಣಿಯನ್ನು ಇದೇ ದಿನಕ್ಕೆ ತುರುಕಬೇಡಿ. ಹೋಗಲಿಕ್ಕೇ ಒಂದು ಗಂಟೆ, ಮೇಲೆ ಹತ್ತುವುದು ಬೇರೆ. ಇನ್ನೊಂದು ಬೆಳಗ್ಗೆ ಹೋಗಿ, ಸೋಮವಾರ ಬೇಡ, ಆ ದಿನ ಗುಹೆಗಳಿಗೆ ರಜೆ.

ಕತ್ತಲಾದ ಮೇಲೆ ಟ್ಯಾಕ್ಸಿ ಹಿಡಿದು ಮತ್ತೆ ವಿಟಿಗೆ ಬನ್ನಿ, ಚರ್ಚ್‌ಗೇಟ್ ಸ್ಟೇಷನ್ನಿಗೆ ಬೇಡ. ರಾತ್ರಿ ಕಟ್ಟಡಕ್ಕೆ ಬಣ್ಣದ ದೀಪ ಹಾಕಿರುತ್ತಾರೆ. ನನಗೆ ಅದು ಮದುವೆ ಛತ್ರದ ಹಾಗೆ ಕಾಣುತ್ತದೆ, ಊರಿನವರಿಗೆಲ್ಲ ಇಷ್ಟ. ಜೊತೆಗೆ ನಮ್ಮ ಗಾಡಿ ಅಲ್ಲಿಂದಲೇ ಹೊರಡುವುದು. ಒಂದು ಗಾಡಿ ಬಿಟ್ಟು ಮುಂದಿನದಕ್ಕೆ ಕಾದರೆ ಕಿಟಕಿ ಸೀಟು ಸಿಗುತ್ತದೆ. ಚಿಕ್ಕಮ್ಮ ಭಾಯಖಳಾ ದಾಟುವ ಮೊದಲೇ ನಿದ್ದೆ ಹೋದರು. ಖಾಲಿ ಅವಲಕ್ಕಿ ಡಬ್ಬಿ ಮಡಿಲಲ್ಲೇ ಇತ್ತು.