ರೊಟ್ಟಿ ಬಡಿಯೋ ಹೊತ್ತೇ ಅಳತಿ

ಸಂಧಿವಾತದವರಿಗೆ ‘ನೋವು ಹತ್ತರಲ್ಲಿ ಎಷ್ಟು?’ ಅಂತ ಕೇಳೋದನ್ನು ಬಿಟ್ಟು ಬಹಳ ವರ್ಷ ಆದವು. ಇಳಕಲ್ ಕಡೆ ಎಲ್ಲರೂ ಹತ್ತೇ ಅಂತಾರೆ. ‘ಎದ್ದ ಮ್ಯಾಲೆ ಎಷ್ಟೊತ್ತಿಗೆ ರೊಟ್ಟಿ ಬಡಿಯಾಕ ಕೈ ಬರ್ತಾವವ್ವಾ?’ ಅಂದರೆ ಲೆಕ್ಕ ಸಿಗುತ್ತದೆ. ರುಮಟಾಯ್ಡ್ ಅಂದರೆ ಮೈಯ ರಕ್ಷಣಾ ಬಲವೇ ಕೀಲಿನ ಮೇಲೆ ತಿರುಗಿಬೀಳುವ ಸಂಧಿವಾತ; ಅದು ತಗುಲಿದ ಕೀಲು ಮುಂಜಾನೆ ತಾಸಿಗೂ ಮಿಕ್ಕಿ ಬಿಗಿದಿರುತ್ತದೆ. ಗುಳಿಗೆ ಹತ್ತಿತೋ ಇಲ್ಲವೋ ಅಂತ ಹೇಳುವುದೂ ಅದೇ ಬಿಗಿತ.

ಮಗ್ಗದ ಮನೆಯ ಒಬ್ಬ ಅವ್ವ ಬಂದಿದ್ದರು. ಸೀರೆಯ ಮೈಗೆ ಸೆರಗಿನ ಎಳೆ ಕೂಡಿಸಲು ಬೆರಳು ಬರುತ್ತಿರಲಿಲ್ಲ. ‘ಐದಕ್ಕ ಏಳತೀನ್ರೀ, ಏಳೂವರಿತನಾ ಮುಷ್ಟಿ ಮಡಚಾಕ ಆಗಂಗಿಲ್ಲ.’ ನೋವು-ಬಾವಿನ ಗುಳಿಗೆ ಡೈಕ್ಲೋಫೆನಾಕ್ 50 ಮಿಲಿಗ್ರಾಂ, ಊಟವಾದ ಮೇಲೆ ದಿನಕ್ಕೆರಡು ಸಲ ಕೊಟ್ಟೆ. ಎರಡು ವಾರಕ್ಕೆ ಬಿಗಿತ ಒಂದು ತಾಸಿಗೆ ಇಳಿಯಿತು, ಎದೆಯುರಿ ಶುರುವಾಯಿತು. ಅದನ್ನು ನಿಲ್ಲಿಸಿ ಅದೇ ಜಾತಿಯ ನ್ಯಾಪ್ರೊಕ್ಸೆನ್ 500, ಜೊತೆಗೆ ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಜೋಲ್. ಉರಿ ಹೋಯಿತು, ಬಿಗಿತ ಅದೇ ಒಂದು ತಾಸು. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಈ ಗುಳಿಗೆಗಳ ಬಲ ಹೆಚ್ಚುಕಡಿಮೆ ಒಂದೇ. ಒಬ್ಬರಿಗೆ ಹತ್ತಿದ್ದು ಇನ್ನೊಬ್ಬರಿಗೆ ಹತ್ತದೇ ಇರಬಹುದು, ಆ ಮಾತು ಬೇರೆ. ಆರಿಸುವುದು ಹೊಟ್ಟೆ, ಬಿಪಿ, ಕಿಡ್ನಿ ನೋಡಿ.

ಹೊಟ್ಟೆಗೆ ಹಗುರ ಅಂತ ಎಟೊರಿಕಾಕ್ಸಿಬ್ ಅನ್ನೋ ಇನ್ನೊಂದು ನೋವಿನ ಗುಳಿಗೆ ಬರೆಯುವ ಮನಸ್ಸಾಗಿತ್ತು. ಆದರೆ ಬಿಪಿ 150/96. ಹತೋಟಿಗೆ ಬಾರದ ಬಿಪಿ ಇದ್ದವರಿಗೆ ಅದನ್ನು ಕೊಡುವಂತಿಲ್ಲ. ಅದರ ಬಳಗದ ರೋಫೆಕಾಕ್ಸಿಬ್ ಹೃದಯಾಘಾತದ ಕಾರಣಕ್ಕೆ 2004ರಲ್ಲಿ ಮಾರುಕಟ್ಟೆಯಿಂದಲೇ ಹೋದದ್ದನ್ನು ಮರೆಯಲಾದೀತೇ? ನ್ಯಾಪ್ರೊಕ್ಸೆನ್ ಕೂಡ ಬಿಪಿ ಏರಿಸಬಲ್ಲದು, ಹಾಗಾಗಿ ಬಿಪಿ ಇಳಿಸುವ ಆಮ್ಲೊಡಿಪಿನ್ ಹಚ್ಚಿ, ವಾರವಾರ ಅಳೆದೆ.

ನಾನು ಎಡವಿದ್ದು ಮತ್ತೊಬ್ಬರ ವಿಷಯದಲ್ಲಿ. ನನ್ನ ಗುಳಿಗೆಯ ಮೇಲೆ ಅಂಗಡಿಯಿಂದ ತಂದ ಇನ್ನೊಂದು ನೋವಿನ ಗುಳಿಗೆಯನ್ನೂ ನುಂಗುತ್ತಿದ್ದರು, ನಾನು ಕೇಳಿರಲಿಲ್ಲ. ಮಲ ಡಾಂಬರಿನಂತೆ ಕಪ್ಪಾದ ಮೇಲೆ ಗೊತ್ತಾಯಿತು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಿತ್ತು. ಈಗ ಯಾರೇ ಬರಲಿ, ಮೊದಲು ಚೀಲ ಟೇಬಲ್ ಮೇಲೆ ಸುರಿಸುತ್ತೇನೆ. ಬಣ್ಣ ಬೇರೆ, ಹೆಸರು ಬೇರೆ, ಒಳಗಿನ ಔಷಧ ಒಂದೇ ಜಾತಿ: ಹೀಗೆ ಎಷ್ಟೋ ಸಿಕ್ಕಿವೆ.

ಈ ಯಾವ ಗುಳಿಗೆಯೂ ಕೀಲು ಹಾಳಾಗುವುದನ್ನು ತಡೆಯುವುದಿಲ್ಲ. ಅದಕ್ಕೇ ಮಗ್ಗದ ಮನೆಯ ಅವ್ವನಿಗೆ ರಕ್ತ ಪರೀಕ್ಷೆ ಮಾಡಿಸಿ, ರೋಗವನ್ನೇ ಹತೋಟಿಗೆ ತರುವ ಮೆಥೊಟ್ರೆಕ್ಸೇಟ್ ಮೊದಲೇ ಶುರು ಮಾಡಿದ್ದೆ. ವಾರಕ್ಕೊಂದೇ ಸಲ. ದಿನಾ ನುಂಗಿದರೆ ಜೀವಕ್ಕೇ ಅಪಾಯ, ಆದ್ದರಿಂದ ‘ಸಂತಿ ದಿನ ಮಾತ್ರ’ ಅಂತ ಮಗಳ ಮುಂದೆ ಮೂರು ಸಲ ಹೇಳಿಸಿದೆ. ಅದು ಹತ್ತಲು ಎರಡು-ಮೂರು ತಿಂಗಳು ಬೇಕು, ಅಲ್ಲಿಯವರೆಗೆ ನ್ಯಾಪ್ರೊಕ್ಸೆನ್ ಆಸರೆ.

ನಾಲ್ಕನೇ ತಿಂಗಳು ಅವ್ವ ಬಂದಾಗ ನ್ಯಾಪ್ರೊಕ್ಸೆನ್ ಗುಳಿಗೆ ಅರ್ಧ ಹಾಗೇ ಉಳಿದಿದ್ದವು. ‘ಐದೂಕಾಲಕ್ಕ ಒಲಿ ಮುಂದ ಕುಂತಿರ್ತೀನ್ರೀ,’ ಅಂದರು. ನ್ಯಾಪ್ರೊಕ್ಸೆನ್ ತೆಗೆದುಹಾಕಿ ಚೀಟಿ ಹೊಸದಾಗಿ ಬರೆದೆ.