ಸಿಗರೇಟು ಹೊಗೆ, ನಾಯಿ ಕೂದಲು: ಕಾರಿನ ಒಳಗನ್ನು ನಿಜವಾಗಿ ಶುಚಿ ಮಾಡುವುದು ಹೇಗೆ?

ಬೇಸಿಗೆಯಲ್ಲಿ ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದರೆ ಯಾವ ವಾಸನೆಯೂ ಮೂಗಿಗೆ ಬಡಿಯುವುದಿಲ್ಲ. ಗಾಜು ಇಳಿಸಿರುತ್ತಾರೆ, ಕನ್ನಡಿಗೆ ನಿಂಬೆಯದ್ದೋ ಮಲ್ಲಿಗೆಯದ್ದೋ ಪರ್ಫ್ಯೂಮ್ ನೇತು ಹಾಕಿರುತ್ತಾರೆ. ಜೂನ್ ಬಂತು, ಗಾಜು ಏರಿಸಿಕೊಂಡು ತೀರ್ಥಹಳ್ಳಿ ಕಡೆ ಹೊರಟಿರಿ ಅನ್ನಿ. ಆಗ ಗೊತ್ತಾಗುತ್ತದೆ, ಹಿಂದಿನ ಮಾಲೀಕರು ಸಿಗರೇಟು ಸೇದುತ್ತಿದ್ದರು, ಹಿಂದಿನ ಸೀಟಿನಲ್ಲಿ ನಾಯಿ ಓಡಾಡುತ್ತಿತ್ತು ಅಂತ. ಗಾಳಿಯಲ್ಲಿ ತೇವ ಏರಿದ ಹಾಗೆ ಬಟ್ಟೆ, ಸ್ಪಂಜಿನೊಳಗೆ ಕೂತಿದ್ದ ವಾಸನೆಯೆಲ್ಲ ಹೊರಗೆ ಬರುತ್ತದೆ.

ಪರ್ಫ್ಯೂಮ್ ಇದಕ್ಕೆ ಮದ್ದಲ್ಲ. ಹೊಗೆಯಲ್ಲಿರುವ ಟಾರ್, ನಿಕೋಟಿನ್ ಕಾರಿನ ಚಾವಣಿಗೆ, ಗಾಜಿಗೆ, ಬೆಲ್ಟಿಗೆ ಅಂಟಿಕೊಂಡಿರುತ್ತದೆ, ಬಚ್ಚಲೊಲೆಯ ಮೇಲಿನ ಜಂತಿಗೆ ಇಲ್ಲಣ ಹಿಡಿದ ಹಾಗೆ. ಸೇದುವವರು ಬಿಟ್ಟು ಹೋದ ಮೇಲೂ ಅದು ಅಲ್ಲೇ ಇರುತ್ತದೆ. ಚಿಕ್ಕ ಮಕ್ಕಳು ಅದೇ ಸೀಟು ಮುಟ್ಟಿ ಅದೇ ಕೈ ಬಾಯಿಗೆ ಹಾಕುತ್ತಾರೆ. ಅದನ್ನು ಒರೆಸಿ ತೆಗೆಯದೆ ಬೇರೆ ದಾರಿಯಿಲ್ಲ.

ಮೊದಲು ದಿನ ನೋಡಿ

ನಮ್ಮ ಕಡೆ ತೊಳೆಯುವುದು ಕಷ್ಟವಲ್ಲ, ಒಣಗಿಸುವುದು ಕಷ್ಟ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಸುರಿಯುತ್ತದೆ. ಅಂಥ ಜಾಗದಲ್ಲಿ ಜುಲೈ ತಿಂಗಳಲ್ಲಿ ಸೀಟು ನೆನೆಸಿದರೆ ನಾಯಿ ವಾಸನೆಯ ಜೊತೆ ಬೂಷ್ಟಿನ ವಾಸನೆಯೂ ಸೇರಿಕೊಳ್ಳುತ್ತದೆ. ಹಾಗಾಗಿ ನೀರಿನ ಕೆಲಸವನ್ನು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗಿಸಿಕೊಳ್ಳಿ. ಎರಡು ದಿನ ಒಳ್ಳೆಯ ಬಿಸಿಲು ಇರಬೇಕು. ಮಳೆಗಾಲದಲ್ಲೇ ಮಾಡಬೇಕಾಗಿ ಬಂದರೆ ಧೂಳು ಎಳೆಯುವುದು, ಒರೆಸುವುದು ಇಷ್ಟಕ್ಕೇ ನಿಲ್ಲಿಸಿ, ಸೀಟು ತೊಳೆಯುವುದನ್ನು ಮಳೆ ಹೊಳವಾಗುವವರೆಗೆ ಮುಂದಕ್ಕೆ ಹಾಕಿ.

ಒಣ ಕೆಲಸ: ಕೂದಲು, ಬೂದಿ, ಉಣುಗು

ಮ್ಯಾಟು, ಸೀಟ್ ಕವರ್ ಎಲ್ಲ ಹೊರಗೆ ತೆಗೆಯಿರಿ. ಆಶ್‌ಟ್ರೇ ಇದ್ದರೆ ಅದನ್ನು ಬಿಚ್ಚಿ ಸೋಪು ನೀರಿನಲ್ಲಿ ನೆನೆಹಾಕಿ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಂಡಿಯನ್ನೂ ನೋಡಿ. ಅಲ್ಲಿ ನೀರು ನಿಂತಿರುವುದು ಇಲ್ಲಿ ಸಾಮಾನ್ಯ. ಎಷ್ಟೋ ಸಲ ನಾಯಿ ವಾಸನೆ ಅಂದುಕೊಂಡದ್ದು ಆ ನೀರಿನದ್ದೇ ಆಗಿರುತ್ತದೆ.

ವ್ಯಾಕ್ಯೂಮ್ ಹಚ್ಚಿದ ಕೂಡಲೇ ನಾಯಿ ಕೂದಲು ಬರುವುದಿಲ್ಲ. ಅದು ಕಾರ್ಪೆಟ್ಟಿನ ಎಳೆಗಳ ಒಳಗೆ ಹೆಣೆದುಕೊಂಡಿರುತ್ತದೆ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ, ಅಂಗೈ ಭಾಗವನ್ನು ಸ್ವಲ್ಪವೇ ತೇವ ಮಾಡಿ, ಒಂದೇ ದಿಕ್ಕಿಗೆ ಗಿಡ್ಡ ಗಿಡ್ಡವಾಗಿ ಎಳೆಯಿರಿ. ಮೊದಲ ಎಳೆತಕ್ಕೆ ಏನೂ ಕಾಣುವುದಿಲ್ಲ. ನಾಲ್ಕೈದು ಸಲ ಎಳೆದ ಮೇಲೆ ಕೂದಲು ಸುರುಳಿ ಸುತ್ತಿಕೊಂಡು ಬತ್ತಿಯ ಹಾಗೆ ಎದ್ದು ಬರುತ್ತದೆ. ಅದನ್ನು ಕೈಯಲ್ಲೇ ಹೆಕ್ಕಿ, ಆಮೇಲೆ ವ್ಯಾಕ್ಯೂಮ್ ಹಿಡಿಯಿರಿ. ಸೀಟಿನ ಹಳಿ, ಬೆಲ್ಟಿನ ಬಕಲ್ ಸುತ್ತ, ಸೀಟಿನ ಹೊಲಿಗೆಯ ಸಂದು ಇವನ್ನು ಬಿಡಬೇಡಿ. ಸೀಟಿನ ಕೆಳಗೆ ಹಳದಿ ಬಣ್ಣದ ವೈರ್ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದ್ದು.

ತೋಟ, ಕಾಡಂಚು ಸುತ್ತಿ ಬರುವ ನಾಯಿ ಉಣುಗನ್ನೂ ಹೊತ್ತು ತರುತ್ತದೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ. ಆದ್ದರಿಂದ ಕೈಗೆ ಗ್ಲೌಸ್ ಇರಲಿ. ಉಣುಗು ಕಂಡರೆ ಬೆರಳಲ್ಲಿ ಹಿಸುಕಬೇಡಿ. ವ್ಯಾಕ್ಯೂಮಿನ ಕಸವನ್ನು ಅಂಗಳದಲ್ಲಿ ಕೊಡವದೆ ಸೋಪು ನೀರಿಗೆ ಸುರಿದು ಮುಚ್ಚಿಡಿ. ನಾಯಿಗೆ ಉಣುಗಿನ ಔಷಧಿ ಹಾಕಿಸದೆ ಕಾರು ಮಾತ್ರ ಶುಚಿ ಮಾಡಿದರೆ ವಾರದಲ್ಲಿ ಮತ್ತೆ ಅದೇ ಕತೆ, ಅಲ್ವಾ?

ಇಂಬಳ ಕಚ್ಚಿ ಸೀಟಿಗೆ ರಕ್ತ ತಾಗಿದ್ದರೆ ತಣ್ಣೀರಲ್ಲಿ ಮಾತ್ರ ಒರೆಸಿ. ಬಿಸಿನೀರು ಹಾಕಿದರೆ ಕಲೆ ಕಾಯಂ ಆಗುತ್ತದೆ.

ಹೊಗೆಯ ಕೆಲಸ: ಮೇಲಿಂದ ಕೆಳಕ್ಕೆ

ಹೊಗೆ ಮೇಲಕ್ಕೆ ಏರುತ್ತದೆ. ಹಾಗಾಗಿ ಅತಿ ಹೆಚ್ಚು ಕೊಳೆ ಚಾವಣಿಯ ಬಟ್ಟೆಯಲ್ಲಿರುತ್ತದೆ. ಜನ ಮರೆಯುವುದೂ ಅದನ್ನೇ. ಆ ಬಟ್ಟೆಯ ಹಿಂದೆ ತೆಳು ಸ್ಪಂಜಿದೆ, ಅದನ್ನು ಅಂಟು ಹಚ್ಚಿ ಕೂರಿಸಿರುತ್ತಾರೆ. ನೀರು ಜಾಸ್ತಿಯಾದರೆ ಅಂಟು ಬಿಟ್ಟು ಚಾವಣಿ ಜೋತು ಬೀಳುತ್ತದೆ. ಇಂಟೀರಿಯರ್ ಕ್ಲೀನರ್ ಅಥವಾ ಮೃದುವಾದ ಶಾಂಪೂವನ್ನು ನೀರಲ್ಲಿ ಕಲಸಿ ಬರೀ ನೊರೆಯನ್ನು ಮೈಕ್ರೋಫೈಬರ್ ಬಟ್ಟೆಗೆ ತೆಗೆದುಕೊಳ್ಳಿ. ಉಜ್ಜಬೇಡಿ, ಮೆಲ್ಲಗೆ ಸವರಿ. ಬಟ್ಟೆ ಹಳದಿ ಕಂದು ಬಣ್ಣಕ್ಕೆ ತಿರುಗುತ್ತದೆ, ಅದೇ ಟಾರ್. ಬಟ್ಟೆಯ ಮಡಿಕೆ ಬದಲಿಸುತ್ತಾ ಹೋಗಿ, ನೀರನ್ನು ಪದೇ ಪದೇ ಚೆಲ್ಲಿ. ಕೊಳೆ ನೀರಲ್ಲೇ ಒರೆಸಿದರೆ ಒಂದು ಕಡೆಯ ಟಾರನ್ನು ಇನ್ನೊಂದು ಕಡೆಗೆ ಹಚ್ಚಿದಂತೆ ಆಗುತ್ತದೆ.

ಆಮೇಲೆ ಸನ್ ವೈಸರ್, ಡ್ಯಾಶ್‌ಬೋರ್ಡ್, ಬಾಗಿಲಿನ ಒಳಭಾಗ. ಗಾಜಿಗೆ ಬಿಳಿ ವಿನೆಗರ್ ಮತ್ತು ನೀರು ಸಮ ಅಳತೆಯಲ್ಲಿ ಸಾಕು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆದು, ಒಳಗೆ ಓಡದಂತೆ ಬಟ್ಟೆ ಕ್ಲಿಪ್ ಹಾಕಿ, ಸೋಪು ನೀರಲ್ಲಿ ಒರೆಸಿ. ಪೂರ್ತಿ ಒಣಗಿದ ಮೇಲೆಯೇ ಒಳಗೆ ಬಿಡಬೇಕು. ಬ್ಲೀಚ್ ಬೇಡವೇ ಬೇಡ, ಬೆಲ್ಟಿನ ನೂಲು ಸೊರಗುತ್ತದೆ.

ನಾಯಿ ಮೂತ್ರ ಮಾಡಿದ ಜಾಗ

ಇದಕ್ಕೆ ಸೋಪು ಸಾಲದು. ಮೂತ್ರ ಒಣಗಿದಾಗ ಉಳಿಯುವ ಯೂರಿಕ್ ಆಮ್ಲದ ಹರಳುಗಳು ನೀರಲ್ಲಿ ಸುಲಭಕ್ಕೆ ಕರಗುವುದಿಲ್ಲ. ತೇವ ತಾಗಿದ ಕೂಡಲೇ ಮತ್ತೆ ವಾಸನೆ ಬರುತ್ತದೆ. ಸಾಕುಪ್ರಾಣಿ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಆ ಹರಳುಗಳನ್ನು ಒಡೆಯುವ ಎಂಜೈಮ್ ಕ್ಲೀನರ್ ಸಿಗುತ್ತದೆ. ಅದೇ ಬೇಕು. ಕಲೆ ಎಲ್ಲಿದೆ ಗೊತ್ತಾಗದಿದ್ದರೆ ಕತ್ತಲಲ್ಲಿ ಯುವಿ ಟಾರ್ಚ್ ಹಿಡಿಯಿರಿ, ಮೂತ್ರದ ಕಲೆ ಹೊಳೆಯುತ್ತದೆ. ಕಲೆಗಿಂತ ಸ್ವಲ್ಪ ದೊಡ್ಡ ಜಾಗಕ್ಕೆ, ಮೂತ್ರ ಇಳಿದಷ್ಟು ಆಳಕ್ಕೆ ಇಳಿಯುವಂತೆ ಎಂಜೈಮ್ ಹಾಕಿ. ಬಾಟಲಿ ಮೇಲೆ ಬರೆದಷ್ಟು ಹೊತ್ತು ಪ್ಲಾಸ್ಟಿಕ್ ಹೊದಿಸಿ ಒದ್ದೆಯಾಗಿಯೇ ಇಡಿ, ಅದು ಕೆಲಸ ಮಾಡಲು ಹೊತ್ತು ಬೇಕು. ಕೊನೆಗೆ ಒಣ ಟವೆಲ್ ಒತ್ತಿ ನೀರು ಹೀರಿಸಿ.

ಫಿನೈಲ್ ಹಾಕಬೇಡಿ. ವಾಸನೆ ಮೇಲೆ ವಾಸನೆ ಕೂರುತ್ತದೆ, ಸಾಲದ್ದಕ್ಕೆ ಬೆಕ್ಕಿಗೆ ಅದು ವಿಷ. ಮೂತ್ರದ ಮೇಲೆ ಬ್ಲೀಚ್ ಹಾಕುವುದು ಇನ್ನೂ ಅಪಾಯ, ಉಸಿರಾಟಕ್ಕೆ ಕೆಡುಕಾದ ಗಾಳಿ ಏಳುತ್ತದೆ.

ಉಳಿದ ಸೀಟಿಗೆ ನೊರೆ, ಮೃದು ಬ್ರಷ್, ಒದ್ದೆ ಎಳೆಯುವ ವ್ಯಾಕ್ಯೂಮ್. ವಾಟರ್ ಸರ್ವಿಸ್‌ನಲ್ಲಿ ಕೆಲವರು ಪೈಪ್ ಹಿಡಿದು ಒಳಗೇ ನೀರು ಬಿಡುತ್ತಾರೆ. ನಿಂತು ತಡೆಯಿರಿ. ಕಾರ್ಪೆಟ್ಟಿನ ಕೆಳಗಿನ ಸ್ಪಂಜು ಒಮ್ಮೆ ನೆನೆದರೆ ಮಲೆನಾಡಿನಲ್ಲಿ ಸುಲಭಕ್ಕೆ ಒಣಗುವುದಿಲ್ಲ.

ಎಸಿ ಮರೆತರೆ ಎಲ್ಲ ವ್ಯರ್ಥ

ಗಾಜು ಮುಚ್ಚಿ, ಒಳಗಿನ ಗಾಳಿಯೇ ಸುತ್ತುವಂತೆ ಎಸಿ ಹಾಕಿ ಸೇದಿದರೆ ಹೊಗೆಯೆಲ್ಲ ಎಸಿಯ ಕೂಲಿಂಗ್ ಕಾಯಿಲ್ ಮೂಲಕವೇ ಹಾದು ಹೋಗುತ್ತದೆ. ಒಳಗಿನ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಸಾಮಾನ್ಯವಾಗಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಹಳೆಯದನ್ನು ಮೊದಲೇ ತೆಗೆದು ಎಸೆಯಿರಿ. ಕಾಯಿಲಿಗೆ ಹಾಕುವ ಫೋಮ್ ಕ್ಲೀನರನ್ನು ಅದರ ಮೇಲೆ ಬರೆದ ಹಾಗೆ ಹೊಡೆದು, ಕೊಳೆ ಕೆಳಗಿನ ಪೈಪಿನಿಂದ ಇಳಿದು ಹೋಗಲು ಬಿಡಿ. ಹೊಸ ಫಿಲ್ಟರನ್ನು ಎಲ್ಲ ಕೆಲಸ ಮುಗಿದ ಮೇಲೆ ಹಾಕಿ.

ಒಣಗಿಸುವುದು

ಹಗಲು ನಾಲ್ಕೂ ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸಿ, ಒಂದು ಟೇಬಲ್ ಫ್ಯಾನನ್ನು ಸೀಟಿನ ಕಡೆಗೆ ತಿರುಗಿಸಿಡಿ. ರಾತ್ರಿ ಬಾಗಿಲು ಮುಚ್ಚಿ, ಇಲ್ಲದಿದ್ದರೆ ಇಲಿ ಸೇರಿಕೊಳ್ಳುತ್ತದೆ. ಬಿಸಿಲು ಕೈಕೊಟ್ಟರೆ ಎಂಜಿನ್ ಚಾಲೂ ಮಾಡಿ ಎಸಿ ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕಿ. ಎಸಿ ಗಾಳಿಯ ತೇವ ಹೀರುತ್ತದೆ, ಹೀಟರ್ ಸೀಟಿನ ತೇವ ಎಬ್ಬಿಸುತ್ತದೆ. ಇದನ್ನು ಬಯಲಲ್ಲೇ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಪ್ರಾಣಕ್ಕೇ ಕುತ್ತು. ಪೂರ್ತಿ ಒಣಗಿದ ಮೇಲೆ ಸೀಟು, ಕಾರ್ಪೆಟ್ಟಿಗೆ ಅಡುಗೆ ಸೋಡಾ ಉದುರಿಸಿ, ಒಂದು ರಾತ್ರಿ ಬಿಟ್ಟು ವ್ಯಾಕ್ಯೂಮ್ ಮಾಡಿ.

ಅಂಗಡಿಗೆ ಕೊಡುವುದಾದರೆ

ಡೀಟೇಲಿಂಗ್ ಅಂಗಡಿಗಳಲ್ಲಿ ಬಿಸಿನೀರು ಬಿಟ್ಟು ತಕ್ಷಣ ಹೀರುವ ಯಂತ್ರವಿರುತ್ತದೆ. ಕೊಳೆ ಆಳಕ್ಕೆ ಇಳಿದಿದ್ದರೆ ಅದಕ್ಕೆ ದುಡ್ಡು ಕೊಡುವುದು ಸರಿ. ವಾಸನೆ ಹೋಗಲು ಯಂತ್ರದಿಂದ ಒಳಗೆ ಓಝೋನ್ ಅನಿಲ ಬಿಡುತ್ತೇವೆ ಅಂದರೆ ಮಾತ್ರ ಕೇಳಿ: ಚಾವಣಿ, ಎಸಿ ಶುಚಿ ಮಾಡಿದ ಮೇಲೆಯಾ, ಮೊದಲೇನಾ? ಓಝೋನ್ ಕೊನೆಯ ಹಂತ. ಟಾರ್ ತೆಗೆಯದೆ ಓಝೋನ್ ಬಿಟ್ಟರೆ ಅದು ನಿಕೋಟಿನ್ ಜೊತೆ ಸೇರಿ ಬೇರೆ ಕೆಟ್ಟ ವಸ್ತುಗಳನ್ನು ಹುಟ್ಟಿಸುತ್ತದೆ. ಯಂತ್ರ ಓಡುವಾಗ ಒಳಗೆ ಮನುಷ್ಯರು, ಪ್ರಾಣಿಗಳು ಇರಲೇಬಾರದು. ಮುಗಿದ ಮೇಲೆ ಎಲ್ಲ ಗಾಜು ಇಳಿಸಿ ಗಾಳಿ ಆಡಲು ಬಿಟ್ಟೇ ಹತ್ತಬೇಕು.

ಕೆಲಸ ಆಯಿತೋ ಇಲ್ಲವೋ ಅನ್ನುವುದಕ್ಕೆ ಪರೀಕ್ಷೆ ಸುಲಭ. ರಾತ್ರಿಯಿಡೀ ಗಾಜು ಮುಚ್ಚಿಟ್ಟು ಬೆಳಿಗ್ಗೆ ಮೊದಲ ಸಲ ಬಾಗಿಲು ತೆಗೆದಾಗ ಮೂಸಿ ನೋಡಿ. ಬಾಗಿಲು ತೆಗೆದ ಕೂಡಲೇ ಸಿಗರೇಟು ವಾಸನೆ ಬಂದರೆ ಚಾವಣಿಯಲ್ಲೋ ಬೆಲ್ಟಿನಲ್ಲೋ ಉಳಿದಿದೆ. ಎಸಿ ಹಾಕಿದಾಗ ಮಾತ್ರ ಬಂದರೆ ಕಾಯಿಲಿಗೆ ಇನ್ನೊಮ್ಮೆ ಫೋಮ್ ಬೇಕು. ಸೀಟಿನ ಮೇಲೆ ಕೂತಾಗ ಕೆಳಗಿಂದ ಎದ್ದು ಬಂದರೆ ಎಂಜೈಮ್ ಸ್ಪಂಜಿನ ಆಳಕ್ಕೆ ಮುಟ್ಟಿಲ್ಲ, ಆ ಜಾಗಕ್ಕೆ ಮತ್ತೆ ಹಾಕಿ.