ಟರ್ಬೊ ಕಾರಿನ ಟ್ಯಾಂಕಿಗೆ ಜೋಡಿ ಪಂಪ್

ಟರ್ಬೊ ಹೆಚ್ಚು ಗಾಳಿ ತುಂಬುವಾಗ ಒಂದು ಪಂಪಿನ ಪೆಟ್ರೋಲ್ ಸಾಲದಿದ್ದರೆ ಟ್ಯಾಂಕಿನೊಳಗೆ ಎರಡು ಪಂಪ್ ಕೂರಿಸುವುದು ಹೀಗೆ. ಟ್ಯಾಂಕಿನಲ್ಲಿ ಪೆಟ್ರೋಲ್ ಕಾಲು ಭಾಗಕ್ಕಿಂತ ಕಡಿಮೆ ಇರಲಿ. ಪೈಪಿನ ಒತ್ತಡ ಇಳಿಸಲು ಪಂಪಿನ ಫ್ಯೂಸ್ ಕಿತ್ತು, ಇಂಜಿನ್ ತಾನಾಗಿ ಆಫ್ ಆಗುವವರೆಗೆ ಓಡಿಸಿ, ಬ್ಯಾಟರಿ ಬಿಚ್ಚಿ.

ಟ್ಯಾಂಕಿನೊಳಗೆ ಎಸ್‌ಎಇ 30ಆರ್10 (ಪೆಟ್ರೋಲಿನಲ್ಲಿ ಮುಳುಗಿರಲೆಂದೇ ಮಾಡಿದ) ಹೋಸ್ ಮಾತ್ರ. ಸಾಮಾನ್ಯ ಹೋಸ್ ಪೆಟ್ರೋಲಿನಲ್ಲಿ ಮುಳುಗಿದರೆ ಉಬ್ಬಿ, ಬಿರಿದು, ಕ್ಲಾಂಪಿನಿಂದ ಜಾರುತ್ತದೆ. ಪ್ರತಿ ಪಂಪಿಗೂ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಬೇಕು. ಇಲ್ಲದಿದ್ದರೆ ಒಂದು ನಿಂತಾಗ ಇನ್ನೊಂದರ ಪೆಟ್ರೋಲ್ ಅದರ ಮೂಲಕವೇ ಟ್ಯಾಂಕಿಗೆ ವಾಪಸ್.

ವೈರಿಂಗಿನಲ್ಲಿ ಉಳಿತಾಯ ಬೇಡವೇ ಬೇಡ: ಪಂಪಿಗೊಂದು ರಿಲೇ (ಪಂಪಿನ ಕರೆಂಟ್ ಹೊರುವ ಸ್ವಿಚ್), ಫ್ಯೂಸ್, 4 ಚದರ ಮಿಲಿಮೀಟರ್ ತಾಮ್ರದ ವೈರ್. ಮಲ್ಪೆ, ಪಣಂಬೂರು ಕಡೆಯ ಉಪ್ಪುಗಾಳಿಗೆ ಟರ್ಮಿನಲ್ ಹಸಿರುಗಟ್ಟುತ್ತದೆ. ಇದರಿಂದ ವೋಲ್ಟೇಜ್ ಇಳಿದರೆ ಪಂಪ್ ತಿರುಗುತ್ತಲೇ ಇರುತ್ತದೆ, ಆದರೆ ಬೂಸ್ಟಿನಲ್ಲಿ (ಟರ್ಬೊ ಗಾಳಿ ಒತ್ತುವಾಗ) ಪೆಟ್ರೋಲ್ ಸಾಲದೆ ಪಿಸ್ಟನ್ ಕರಗುತ್ತದೆ. ಟರ್ಮಿನಲ್ಲಿಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ.

ಪೆಟ್ರೋಲ್ ಒತ್ತಡ ಹತೋಟಿಯಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಬಿಚ್ಚಿ ಐಡಲ್‌ನಲ್ಲಿ 3 ಬಾರ್ ಹೊಂದಿಸಿ. ಮತ್ತೆ ಸಿಕ್ಕಿಸಿದ ಮೇಲೆ 1 ಬಾರ್ ಬೂಸ್ಟಿಗೆ ಗೇಜಿನಲ್ಲಿ 4 ಕಾಣಬೇಕು. ಎರಡೂ ಪಂಪ್ ಓಡುವಾಗ ಐಡಲ್ ಒತ್ತಡ ಏರಿದರೆ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಲೈನ್ ಸಣ್ಣದಾಯಿತು.